ಡ್ರೈವರ್ ಪಾಲಿನ ವಿಸ್ಕಿ

ಸಂಜೆಯಿಡೀ ನಾವಿಬ್ಬರೂ ಸ್ಕಾಟ್ಲೆಂಡ್ ಮ್ಯಾಪ್ ಮುಂದೆ ಕೂತಿದ್ದೆವು. ಇನ್ವರ್ನೆಸ್‌ನಿಂದ ಹೊರಟು, ಉತ್ತರದ ಕರಾವಳಿ ಸುತ್ತಿ ಮತ್ತೆ ಅಲ್ಲಿಗೇ. ಸುಮಾರು 830 ಕಿಲೋಮೀಟರ್. ಅದೇನೋ ಬೇಗ ತೀರ್ಮಾನವಾಯಿತು.

ಜಗಳ ಶುರುವಾಗಿದ್ದು ಮ್ಯಾಪ್‌ನಲ್ಲಿ ಸ್ಪೇಸೈಡ್ ಪ್ರದೇಶದ ಡಿಸ್ಟಿಲರಿಗಳ, ಅಂದರೆ ವಿಸ್ಕಿ ತಯಾರಿಸೋ ಜಾಗಗಳ, ಹತ್ತಿರ ಬಂದಾಗ. ಸ್ಟೀರಿಂಗ್ ಯಾರ ಕೈಲಿ? 2014ರಿಂದ ಅಲ್ಲಿ ಕುಡಿದು ಓಡಿಸುವ ಮಿತಿ ಇಂಗ್ಲೆಂಡಿಗಿಂತ ಬಿಗಿ. ಒಂದು ಗುಟುಕೂ ಬೇಡ ಅನ್ನೋದೇ ಸರಿ.

ಆದರೆ ಎಷ್ಟೋ ಡಿಸ್ಟಿಲರಿಗಳಲ್ಲಿ ರುಚಿ ನೋಡೋಕೆ ಕೊಡೋ ವಿಸ್ಕಿಯಲ್ಲಿ ಡ್ರೈವರ್ ಪಾಲನ್ನು ಪುಟ್ಟ ಬಾಟಲಿಗೆ ಹಾಕಿ ಕೊಡುತ್ತಾರೆ, ರೂಮಿಗೆ ಹೋಗಿ ಕುಡೀಲಿ ಅಂತ. ಎಂಥ ಮರ್ಯಾದೆ ಅಲ್ವಾ! ಈಗ ಇಬ್ಬರಿಗೂ ಡ್ರೈವರ್ ಆಗೋ ಆಸೆ.

ಊಟದ ಪಟ್ಟಿಯಲ್ಲಿ ಮೊದಲು ಕಲನ್ ಸ್ಕಿಂಕ್. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು ಸೇರಿಸಿದ ಗಟ್ಟಿ ಸೂಪು.

"ಹಾಲಿಗೆ ಮೀನಾ?" ಅಂತ ಅಮ್ಮ ವಿಡಿಯೋ ಕಾಲ್‌ನಲ್ಲೇ ಮುಖ ಕಿವುಚಿದರು. ನಾನು ಸುಮ್ನೆ ಕಲನ್ ಊರಿಗೊಂದು ಗುರುತು ಹಾಕಿದೆ.