ಅಜ್ಜಿಗೆ ಆರಕ್ಕ ಆರು

ಜೆರೊಂಟಾಲಜಿ ಪಿಜಿ ಮಾಡ್ಲಿಕತ್ತೀನಿ ಅಂದ್ರ ನಮ್ಮ ರಾಯಚೂರಾಗ ಎಲ್ಲಾರೂ "ಮುದುಕರ ಬಗ್ಗೆ ಓದೋದೇನದ" ಅಂತ ನಗ್ತಾರ. ನಗ್ಲಿ ಬಿಡ್ರಿ. ಮೊನ್ನಿ ರಜಾಕ್ಕ ಮನಿಗೆ ಬಂದಾಗ ಕ್ಯಾಟ್ಜ್ ಇಂಡೆಕ್ಸ್ (ವಯಸ್ಸಾದವ್ರು ತಮ್ಮ ದಿನದ ಕೆಲ್ಸ ತಾವೇ ಎಷ್ಟು ಮಾಡ್ಕೋತಾರ ಅಂತ ನೋಡೋ ಫಾರ್ಮ್) ಪ್ರ್ಯಾಕ್ಟೀಸ್ ಮಾಡೋಣಂತ ಅಜ್ಜಿ ಮುಂದ ಕುಂತೆ, 1963ರಾಗ ಬಂದಿದ್ದದು, ಜಳಕ, ಬಟ್ಟಿ ಹಾಕೊಳ್ಳೋದು, ಪಾಯಿಖಾನಿ, ಏಳೋದು ಕೂಡೋದು, ಉಚ್ಚಿ-ಸಂಡಾಸ ತಡಕೊಳ್ಳೋದು, ಊಟ, ಹಿಂಗ ಆರು ಕೆಲ್ಸ, ಯಾರ ಆಸ್ರನೂ ಇಲ್ದ ಮಾಡಿದ್ರ ಒಂದೊಂದು ಮಾರ್ಕ್ಸ್. ಅಜ್ಜಿಗೆ ಆರಕ್ಕ ಆರು! ಖುಷಿಲೇ ಹೇಳಿದ್ರ "ಅದೆಲ್ಲಾ ಆಗ್ತದವ್ವಾ, ಹಗಲೆಲ್ಲಾ ಮಾತಾಡ್ಸೋರಿಲ್ಲ, ಅದಕ್ಕೆಷ್ಟು ಮಾರ್ಕ್ಸ್?" ಅಂದ್ಳು. ಈ ಫಾರ್ಮ್‌ನಾಗ ಅದಕ್ಕ ಕಾಲಮ್ಮೇ ಇಲ್ಲ (ಒಂಟಿತನಕ್ಕ ಬ್ಯಾರೇ ಸ್ಕೇಲ್ ಅದ ಖರೆ, ಆದ್ರ ಅಕಿಗೆ ಏನಂತ ಹೇಳ್ಲಿ). ಪೆನ್ ಬದಿಗಿಟ್ಟು ಅಕಿ ಸೋಸ್ಲಿಕತ್ತಿದ್ದ ಮೆಂತ್ಯಪಲ್ಯೆ ನಾನೂ ಸೋಸ್ಕೋತ ಕುಂತೆ.