ಮೂರು ತೇಪೆ, ಒಂದೇ ತೂತು

ಕೊನೆಗೂ ಫೈಲ್ ಹೋಯಿತು! 300 ಕೆಬಿಯ ಒಂದು ಫೋಟೊ, ಈ ಲಿನಕ್ಸ್ ಡಬ್ಬಿಯಿಂದ ಆ ಲಿನಕ್ಸ್ ಡಬ್ಬಿಗೆ, ಎರಡು ಹಳೇ ಮೋಡೆಮ್‌ಗಳ (ಕಂಪ್ಯೂಟರ್ ಮಾತನ್ನು ಫೋನ್ ಲೈನಿನ ಸದ್ದಾಗಿ ಬದಲಿಸುವ ಪೆಟ್ಟಿಗೆಗಳ) ಮೂಲಕ. ಫೋಟೊಗೆ ಹಿಡಿದಿದ್ದು ಒಂದೂವರೆ ನಿಮಿಷ. ನನಗೆ ಹಿಡಿದಿದ್ದು ಎರಡು ವಾರ.

ಶುರುವಿನ ಪುರಾಣ ಬೇಡ. ಪೋರ್ಟಿಗೆ ತಾನೇ ಕೈಹಾಕುವ ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ರಜೆ ಕೊಡುವುದು, ಪೋರ್ಟ್ ಬಳಸುವ ಅನುಮತಿಗಾಗಿ ಡಯಲ್‌ಔಟ್ ಗುಂಪಿಗೆ ಸೇರಿಕೊಳ್ಳುವುದು ನಿಮಗೆಲ್ಲ ಗೊತ್ತಿದ್ದದ್ದೇ. ವಿನ್‌ಮೋಡೆಮ್ ಸಹವಾಸಕ್ಕೆ ನಾನು ಹೋಗಲೇ ಇಲ್ಲ. ಮಾಡಬೇಕಾದ ಕೆಲಸವನ್ನೆಲ್ಲ ಡ್ರೈವರ್ ತಲೆಗೆ ಕಟ್ಟಿ ಸುಮ್ನೆ ಕೂರುವ ಕಾರ್ಡ್ ಅದು. ನನ್ನವು ಎರಡೂ ಸೀರಿಯಲ್ ಮೋಡೆಮ್, ಅಂದರೆ ಸೀರಿಯಲ್ ಪೋರ್ಟಿಗೆ ಕೇಬಲ್ಲಿನಲ್ಲಿ ಸೇರಿಸುವ, ಕೆಲಸ ತಾವೇ ಮಾಡುವ ಪೆಟ್ಟಿಗೆಗಳು. ನಡುವೆ ಎರಡು ಫೋನ್ ಪೋರ್ಟ್ ಇರುವ ಎಟಿಎ (ಸಾಮಾನ್ಯ ಫೋನನ್ನು ಇಂಟರ್ನೆಟ್ ಕರೆಗೆ ಜೋಡಿಸುವ) ಪೆಟ್ಟಿಗೆ, ಡಯಲ್ ಟೋನ್ ಕೊಡಲಿಕ್ಕೆ. ಎರಡೂ ತುದಿ ಅನಲಾಗ್, ಹಾಗಾಗಿ 56ಕೆ (ಸೆಕೆಂಡಿಗೆ 56,000 ಬಿಟ್) ವೇಗದ ಆಸೆ ಇರಲಿಲ್ಲ. ವಿ.34 ಎಂಬ ಮೋಡೆಮ್ ಮಾನದಂಡದಲ್ಲಿ 31,200 ಸಿಕ್ಕಿತು, ಸಾಕು.

ಆಚೆಯ ಕಂಪ್ಯೂಟರ್‌ಗೆ ಮೋಡೆಮ್ ಜೊತೆಗೇ ಬಂದ ಕೇಬಲ್. ಈಚೆಯದಕ್ಕೆ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್, ಅದರಾಚೆ ಹೊಸದಾಗಿ ಕೊಂಡ 9 ಪಿನ್-25 ಪಿನ್ ಕೇಬಲ್. ಈ ಕೇಬಲ್ಲನ್ನು ನೆನಪಿಟ್ಟುಕೊಳ್ಳಿ.

ಮೊದಲ ದಿನ ಮಿನಿಕಾಮ್‌ನಲ್ಲಿ (ಮೋಡೆಮ್ ಜೊತೆ ಮಾತಾಡುವ ತಂತ್ರಾಂಶ) ಎಟಿ, ಅಂದರೆ 'ಇದ್ದೀಯಾ?', ಎಂದು ಎಷ್ಟು ಸಲ ಒತ್ತಿದರೂ ಉತ್ತರವಿಲ್ಲ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಒಬ್ಬರಿಗೊಬ್ಬರು 'ನಿಲ್ಲು', 'ಕಳಿಸು' ಎನ್ನಲು ಬೇರೆ ತಂತಿ ಬಳಸುವ ಏರ್ಪಾಡು) ತೆಗೆದೆ, ಕೂಡಲೇ ಓಕೆ ಬಂತು. ಕುಣಿದಾಡಿದೆ. ಎರಡನೇ ದಿನ ಡಯಲ್ ಮಾಡಿದರೆ ಮೋಡೆಮ್ ಫೋನ್ ಇಟ್ಟುಬಿಡುತ್ತಿತ್ತು. ಡಿಟಿಆರ್ ('ಕಂಪ್ಯೂಟರ್ ಸಿದ್ಧ' ಎನ್ನುವ ತಂತಿ) ಕಡೆ ನೋಡಬೇಡ ಎಂದು ಅದರ ಹಿಂಬದಿಯ ಪುಟ್ಟ ಡಿಪ್ ಸ್ವಿಚ್ಚಿನಲ್ಲಿ ಹೇಳಿದೆ. ಸರಿಹೋಯಿತು. ಮೂರನೇ ದಿನ ಪಿಪಿಪಿಡಿ (ಫೋನ್ ಲೈನ್ ಮೇಲೆ ನೆಟ್‌ವರ್ಕ್ ಕಟ್ಟುವ ತಂತ್ರಾಂಶ) ಕ್ಯಾರಿಯರ್‌ಗಾಗಿ, ಅಂದರೆ 'ಆಚೆಯ ಮೋಡೆಮ್ ಸಿಕ್ಕಿತು' ಎಂಬ ಸಂಕೇತಕ್ಕಾಗಿ, ಕಾಯುತ್ತ ಕೂತಿತು. ಅದಕ್ಕೆ ಕಾಯಬೇಡ ಎನ್ನುವ ಲೋಕಲ್ ಆಪ್ಷನ್ ಹಾಕಿದೆ. ಅದೂ ಸರಿಹೋಯಿತು. ಮೂರು ದಿನಕ್ಕೆ ಮೂರು ತೇಪೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಶುರುವಾಯಿತು ನೋಡಿ. ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಆಚೆಯಿಂದ ಫೈಲ್ ಚೆನ್ನಾಗಿ ಬರುತ್ತದೆ. ಈಚೆಯಿಂದ ಕಳಿಸಿದರೆ ಮಾತ್ರ ನಾಲ್ಕಾರು ಕೆಬಿ ಹೋಗಿ ಕಲ್ಲಿನಂತೆ ನಿಲ್ಲುತ್ತದೆ. ಆಚೆ ತುದಿಯಲ್ಲಿ ಪಿಪಿಪಿ ಎರರ್ ಲೆಕ್ಕ (ಕೆಟ್ಟು ಬಂದ ತುಣುಕುಗಳ ಎಣಿಕೆ) ಏರುತ್ತಲೇ ಇರುತ್ತದೆ.

ಎಟಿಎಯದೇ ತಪ್ಪು ಅಂದುಕೊಂಡೆ. ಸದ್ದನ್ನು ಹೆಚ್ಚು ಹಿಂಡದ ಜಿ.711 ಕೋಡೆಕ್ ಒಂದನ್ನೇ ಉಳಿಸಿದೆ, ಪ್ರತಿಧ್ವನಿ ಅಳಿಸುವ ಎಕೋ ಕ್ಯಾನ್ಸಲರ್ ತೆಗೆದೆ, ಹಿಂದುಮುಂದಾಗಿ ಬರುವ ಸದ್ದಿನ ತುಣುಕುಗಳನ್ನು ಹಿಡಿದಿಡುವ ಜಿಟ್ಟರ್ ಬಫರ್ ಕದಲದಂತೆ ಕಟ್ಟಿಹಾಕಿದೆ. ಊಹ್ಞೂಂ. ಲೈನ್ ವೇಗವನ್ನು 14,400ಕ್ಕೆ ಇಳಿಸಿದೆ. ಇನ್ನೂ ಹದಗೆಟ್ಟಿತು. 2,400ಕ್ಕೆ ಇಳಿಸಿದೆ. ಪೂರ್ತಿ ಸತ್ತಿತು. ತಲೆ ಮೊಸರುಗಡಿಗೆ.



ಲೈನ್ ಕೆಟ್ಟಿದ್ದರೆ ನಿಧಾನ ಮಾಡಿದಾಗ ಸುಧಾರಿಸಬೇಕು ಅಲ್ವಾ? ಇಲ್ಲಿ ಉಲ್ಟಾ. ಅದೂ ಅಲ್ಲದೆ ಎರಡು ಮೋಡೆಮ್‌ಗಳ ನಡುವೆ ವಿ.42 ಎಂಬ ತಪ್ಪು ತಿದ್ದುವ ಏರ್ಪಾಡು ಇದೆ, ಕೆಟ್ಟು ಹೋದದ್ದನ್ನು ಅವೇ ಮತ್ತೆ ಕಳಿಸಿಕೊಳ್ಳುತ್ತವೆ. ಬೇಸತ್ತು ಲೈನ್ ಬಿಟ್ಟು ಕಂಪ್ಯೂಟರ್-ಮೋಡೆಮ್ ನಡುವಿನ ಸೀರಿಯಲ್ ಪೋರ್ಟಿನ ವೇಗವನ್ನೇ 115,200ರಿಂದ 9,600ಕ್ಕೆ ಇಳಿಸಿದೆ, ಲೈನ್ ಮಾತ್ರ ಮತ್ತೆ 31,200. ಫೈಲ್ ಸರಾಗವಾಗಿ ಹೋಯಿತು!

ಕೊಳಾಯಿ ದೊಡ್ಡದು, ತೊಟ್ಟಿಯ ತೂತು ಸಣ್ಣದು. ಕಂಪ್ಯೂಟರ್ 115,200ರಲ್ಲಿ ಸುರಿಯುತ್ತಿದೆ, ಮೋಡೆಮ್ ಅದರ ಕಾಲುಭಾಗವನ್ನಷ್ಟೇ ಸಾಗಿಸುತ್ತಿದೆ. ಮೋಡೆಮ್‌ನ ಬಫರ್ (ಮಾಹಿತಿ ಸರದಿ ಕಾಯುವ ಜಾಗ) ತುಂಬಿ ಚೆಲ್ಲುತ್ತಿದೆ. 'ತಡಿ ಮಾರಾಯ' ಎನ್ನಲು ಮೋಡೆಮ್‌ಗೆ ಇರುವ ದಾರಿಯೇ ಸಿಟಿಎಸ್ ತಂತಿ. ಫ್ಲೋ ಕಂಟ್ರೋಲ್ ತೆಗೆದು, ಆ ಮಾತು ಕೇಳಬೇಡ ಅಂತ ಮೊದಲ ದಿನವೇ ಕಂಪ್ಯೂಟರ್‌ಗೆ ಹೇಳಿದವನು ನಾನು.

ಮಲ್ಟಿಮೀಟರ್ ಹಿಡಿದು ಕೇಬಲ್ ನೋಡಿದೆ. 2, 3, 5ನೇ ಪಿನ್ ಕುಂಯ್ ಅಂದವು, ಅಂದರೆ ಒಳಗೆ ತಂತಿ ಇದೆ. 7 ಮತ್ತು 8 ಮೌನ. 1 ಮತ್ತು 4 ಕೂಡ ಮೌನ. ಅಂದರೆ ಆರ್‌ಟಿಎಸ್ (ಸಿಟಿಎಸ್‌ನ ಜೋಡಿ, ಕಂಪ್ಯೂಟರ್ ಕಡೆಯಿಂದ ಮಾತಾಡುವ ತಂತಿ) ಇಲ್ಲ, ಸಿಟಿಎಸ್ ಇಲ್ಲ, ಕ್ಯಾರಿಯರ್ ಇಲ್ಲ, ಡಿಟಿಆರ್ ಇಲ್ಲ. ನನ್ನ ಮೂರೂ ತೇಪೆಯ ಹಿಂದೆ ಇದ್ದದ್ದು ಇದೊಂದೇ ತೂತು. ಮಾರಿದವರು 'ಎಲ್ಲ ಪಿನ್ ಜೋಡಿಸಿದೆ' ಎಂದು ಬರೆದಿದ್ದರು. ಕೇಳಿದರೆ, 'ನಮ್ಮಲ್ಲಿ ಕೆಲಸ ಮಾಡುತ್ತಿದೆಯಲ್ಲ ಸರ್' ಎಂಬ ಉತ್ತರ. ಮೂರು ತಂತಿಗೆ ಒಂಬತ್ತು ತಂತಿಯ ದುಡ್ಡು! ಹೊರಗಿನ ಪ್ಲಾಸ್ಟಿಕ್ ಮಾತ್ರ ಬಹಳ ದಪ್ಪ.

ಹೊಸ ಕೇಬಲ್ ನಾನೇ ಬೆಸುಗೆ ಹಾಕಿದೆ. 9 ಪಿನ್ ಕಡೆಯ 7 ಹೋಗುವುದು 25 ಪಿನ್ ಕಡೆಯ 4ಕ್ಕೆ, 8 ಹೋಗುವುದು 5ಕ್ಕೆ, 1 ಹೋಗುವುದು 8ಕ್ಕೆ, 4 ಹೋಗುವುದು 20ಕ್ಕೆ. 20ನೇ ಪಿನ್ನನ್ನು ಎರಡು ಸಲ ತಪ್ಪು ಕಡೆಯಿಂದ ಎಣಿಸಿದ್ದನ್ನು ಇಲ್ಲಿ ವಿವರಿಸುವುದಿಲ್ಲ. ತೇಪೆಗಳನ್ನು ಒಂದೊಂದಾಗಿ ಕಿತ್ತೆ. ಆದರೂ ಫೈಲ್ ಒಮ್ಮೆ ನಿಂತಿತು. ಮೋಡೆಮ್ ಒಳಗಿನ ಪ್ರೊಫೈಲ್‌ನಲ್ಲೂ (ಉಳಿಸಿಟ್ಟ ಸೆಟ್ಟಿಂಗ್‌ಗಳಲ್ಲೂ) ಫ್ಲೋ ಕಂಟ್ರೋಲ್ ಆಫ್ ಆಗಿತ್ತು. ಅದನ್ನು ಆನ್ ಮಾಡಿ ಉಳಿಸಿಡುವ ಆಜ್ಞೆಗಳನ್ನು ಕೊಟ್ಟೆ: ಎಟಿ&ಕೆ3, ಆಮೇಲೆ ಎಟಿ&ಡಬ್ಲ್ಯೂ.

ಪೋರ್ಟ್ ಮತ್ತೆ 115,200. ಫೋಟೊ ಹೋಯಿತು, ಎರಡೂ ಕಡೆ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಒಂದೇ. ಪಿಪಿಪಿಡಿ ನಿಲ್ಲಿಸಿದೆ. ಇಷ್ಟು ದಿನ ಮೂರು ಪ್ಲಸ್ ಒತ್ತಿ, ಒಂದು ಸೆಕೆಂಡ್ ಕಾದು, ಎಟಿಎಚ್ ('ಫೋನ್ ಇಡು') ಎಂದು ಬೇಡಿಕೊಳ್ಳಬೇಕಿತ್ತು. ಈ ಸಲ ಡಿಟಿಆರ್ ಬಿದ್ದದ್ದೇ ತಡ, ಮೋಡೆಮ್ ತಾನಾಗಿ ಟಕ್ ಎಂದು ಫೋನ್ ಇಟ್ಟಿತು.