ಕಡ್ಡಿ ಅಣಬೆ ಹುಡುಕಲು ಶಿರಸಿಗೆ ಹೋಗುವವರಿಗೆ: ಮೊದಲು ಬುಡ ನೋಡಿ

ಜುಲೈನಲ್ಲಿ ಎರಡು ದಿನ ಶಿರಸಿ ಕಡೆ ಅತ್ತೆಯ ಮನೆಯಲ್ಲಿದ್ದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಶಿರಸಿ. ಅತ್ತೆಯವರ ಅಡಿಕೆ ತೋಟದ ಮೇಲೆಯೇ ಸೊಪ್ಪಿನಬೆಟ್ಟ, ಅಂದರೆ ತೋಟದ ಮನೆಯವರು ಗೊಬ್ಬರಕ್ಕೆ ಸೊಪ್ಪು ತರುವ ಕಾಡು. ಮಳೆ ಹಿಡಿದ ಮೇಲೆ ಅಲ್ಲಿನ ತರಗೆಲೆಯ ನಡುವೆ ಕೊಡೆಯಿಲ್ಲದ ಅಣಬೆಗಳು ಏಳುತ್ತವೆ. ಬೆಂಕಿಕಡ್ಡಿಯಷ್ಟು ಎತ್ತರ, ತುದಿ ಕೊಂಚ ದಪ್ಪ, ಪುಟ್ಟ ಗದೆಯ ಹಾಗೆ. ನಾನು ಹೋಗಿದ್ದೇ ಅವುಗಳಿಗಾಗಿ.

ಮೊದಲ ದಿನ ಕಿತ್ತಳೆ ಬಣ್ಣದ್ದೊಂದು ಕಂಡಿತು. ಚಿವುಟಿ ಡಬ್ಬಿಗೆ ಹಾಕಿಕೊಂಡೆ. ಮನೆಗೆ ಬಂದು ಲೆನ್ಸಿನಲ್ಲಿ ನೋಡಿದರೆ ತಲೆಯ ತುಂಬ ಸಣ್ಣ ಗುಳ್ಳೆಗಳು. ಕಾರ್ಡಿಸೆಪ್ಸ್ ಬಳಗದ್ದಿರಬೇಕು ಅನ್ನಿಸಿತು. ಅವು ಹುಟ್ಟುವುದು ಸತ್ತ ಹುಳುವಿನ ಮೈಯಿಂದ. ಆ ಹುಳುವನ್ನೇ ನಾನು ಮಣ್ಣಲ್ಲಿ ಬಿಟ್ಟು ಬಂದಿದ್ದೆ! ಮರುದಿನ ಅಂಥದ್ದೇ ಇನ್ನೊಂದು ಸಿಕ್ಕಿತು. ಈ ಸಲ ಪಕ್ಕದಿಂದ ನಿಧಾನವಾಗಿ ಮಣ್ಣು ಬಿಡಿಸಿದೆ. ಎರಡು ಇಂಚು ಕೆಳಗೆ ಹುಳು ಇಡಿಯಾಗಿ ಇತ್ತು. ಆ ಖುಷಿ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುವುದು, ಬುಡ ನೋಡದೆ ಕೀಳಬೇಡಿ. ಬರೀ ಮಣ್ಣಿನಿಂದ ಎದ್ದು, ಬಿಳಿ ಅಥವಾ ಹಳದಿಯಾಗಿ, ನಯವಾಗಿದ್ದು, ಮುಟ್ಟಿದರೆ ಪಟ್ಟನೆ ಮುರಿಯುವಂಥದ್ದು ಹೆಚ್ಚಾಗಿ ಕ್ಲವೇರಿಯಾ ಬಳಗದ್ದು. ಅದೇ ಹಳದಿ ಕಡ್ಡಿ ಕೊಳೆತ ಕಟ್ಟಿಗೆಯ ಮೇಲಿದ್ದು, ರಬ್ಬರಿನಂತೆ ಬಗ್ಗಿದರೆ ಕ್ಯಾಲೊಸೆರಾ ಇರಬಹುದು. ಹೊರಗೆ ಇದ್ದಿಲಿನ ಕಪ್ಪು, ಸೀಳಿದರೆ ಒಳಗೆ ಬಿಳಿ ಇದ್ದರೆ ಕ್ಸೈಲೇರಿಯಾ. ಇದು ಮಣ್ಣಿನಿಂದಲೇ ಎದ್ದ ಹಾಗೆ ಕಾಣುತ್ತದೆ. ಎಲೆ ಸರಿಸಿದರೆ ಕೆಳಗೆ ಹೂತ ಕಟ್ಟಿಗೆಯೋ, ಉದುರಿದ ಕಾಯಿಯೋ, ಹಳೇ ಗೆದ್ದಲು ಗೂಡೋ ಸಿಗುತ್ತದೆ. ಎಲೆಯ ತೊಟ್ಟಿನ ಮೇಲೆ ದಾರದಷ್ಟು ತೆಳ್ಳಗಿದ್ದರೆ ಟೈಫುಲಾ ಇರಬಹುದೇ ಎಂದು ನೋಡಿ. ಅದರ ಬುಡದಲ್ಲಿ ಕೆಲವೊಮ್ಮೆ ಸಾಸಿವೆಯಂಥ ಗಂಟು ಇರುತ್ತದೆ. ಬೀಜ ಅಂದುಕೊಳ್ಳಬೇಡಿ, ಅದೂ ಅಣಬೆಯದ್ದೇ ಭಾಗ.

ಇಷ್ಟು ಗೊತ್ತಾದರೆ ಸಾಕು. ಜಾತಿಯವರೆಗೆ ಹೋಗಲು ಸೂಕ್ಷ್ಮದರ್ಶಕ ಬೇಕು. ಯಾವುದನ್ನೂ ಬಾಯಿಗಿಡಬೇಡಿ.

10 ಪಟ್ಟು ದೊಡ್ಡದಾಗಿ ಕಾಣಿಸುವ ಲೆನ್ಸು, ಸಣ್ಣ ಚಾಕು, ಅಳತೆಗೆ ಪಕ್ಕದಲ್ಲಿಟ್ಟು ಫೋಟೋ ತೆಗೆಯಲು ಒಂದು ನಾಣ್ಯ ಇರಲಿ. ಉಂಬಳ ಜಾಸ್ತಿ, ಮೊಣಕಾಲಿನವರೆಗೆ ಬರುವ ಕಾಲುಚೀಲ ಹಾಕಿಕೊಳ್ಳಿ. ಸೊಪ್ಪಿನಬೆಟ್ಟಕ್ಕೆ ಹೋಗುವ ಮುನ್ನ ಆ ಮನೆಯವರನ್ನು ಕೇಳಿ. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ.

ತಂದದ್ದನ್ನು ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೇಗ ಕೊಳೆಯುತ್ತದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ತನ್ನಿ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಅತ್ತೆ ಒಂದು ಜರಡಿ ಕೊಟ್ಟು, ಬಚ್ಚಲೊಲೆಯ ಪಕ್ಕ ಇಡಲು ಹೇಳಿದರು. ಬೆಳಗಾಗುವಷ್ಟರಲ್ಲಿ ಎಲ್ಲವೂ ಗರಿಗರಿ ಒಣಗಿದ್ದವು.